ತಪ್ಪು ಉತ್ತರದ ಒಳಗೊಂದು ಲೆಕ್ಕ

ಈಗಷ್ಟೇ ನಡೆಯಲು ಕಲಿತ ಮಗು ಹೊಸ್ತಿಲು ಎಡವಿ ಬೀಳುತ್ತದೆ. ಅಜ್ಜಿ ಓಡಿ ಬಂದು ಎತ್ತಿಕೊಳ್ಳುತ್ತಾಳೆ, ಜೊತೆಗೇ ಹೊಸ್ತಿಲಿಗೆ ಒಂದೇಟು ಹಾಕುತ್ತಾಳೆ. ‘ನಮ್ಮ ಪುಟ್ಟಿಗೆ ಪೆಟ್ಟು ಮಾಡ್ತೀಯಾ, ತಗೋ’ ಎಂದು ಗದರುತ್ತಾಳೆ. ಅಳು ಅರ್ಧಕ್ಕೇ ನಿಲ್ಲುತ್ತದೆ. ಕರ್ನಾಟಕದ ಯಾವ ಊರಿನಲ್ಲೂ ಈ ದೃಶ್ಯಕ್ಕೆ ವಿವರಣೆ ಬೇಕಿಲ್ಲ. ಹೊಸ್ತಿಲಿಗೆ ನೋವಾಗದು ಎಂದು ಅಜ್ಜಿಗೆ ಗೊತ್ತು. ಮಗುವಿನ ಲೋಕದಲ್ಲಿ ಹೊಸ್ತಿಲಿಗೂ ಮನಸ್ಸಿದೆ, ಅದು ಬೇಕೆಂದೇ ಬೀಳಿಸಿದೆ ಎಂಬುದೂ ಗೊತ್ತು. ಯಾವ ಪುಸ್ತಕವನ್ನೂ ಓದದೆ ಅವಳು ಮಗು ಯೋಚಿಸುವ ಜಾಗಕ್ಕೆ ಹೋಗಿ ನಿಲ್ಲುತ್ತಾಳೆ.

ಅದೇ ಮಗು ನಾಲ್ಕು ವರ್ಷಕ್ಕೆ ಎಲ್‌ಕೆಜಿ ಪುಸ್ತಕ ಬಿಚ್ಚಿ ಕೂತಾಗ ಮನೆಯ ಈ ತಿಳಿವಳಿಕೆ ಮಾಯವಾಗುತ್ತದೆ. ‘ಎಷ್ಟು ಸಲ ಹೇಳಿಕೊಟ್ಟೆ, ಇನ್ನೂ ತಪ್ಪು ಮಾಡ್ತಾನಲ್ಲ’ ಎಂಬ ಕೊರಗು ಶುರುವಾಗುತ್ತದೆ. ಮಗುವೆಂದರೆ ನಾವೇ, ಗಾತ್ರದಲ್ಲಿ ಸ್ವಲ್ಪ ಚಿಕ್ಕದು, ಮಾಹಿತಿಯಲ್ಲಿ ಸ್ವಲ್ಪ ಕಡಿಮೆ ಎಂಬ ಭಾವನೆ ಆ ಕೊರಗಿನ ಹಿಂದಿದೆ. ಈ ಭಾವನೆಯನ್ನು ಬುಡಸಮೇತ ಅಲುಗಾಡಿಸಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ.

ನಮ್ಮ ಡಿ.ಇಡಿ., ಬಿ.ಇಡಿ. ಪಠ್ಯಗಳಲ್ಲಿ, ಟಿಇಟಿ ಗೈಡುಗಳಲ್ಲಿ ಪಿಯಾಜೆ ನಾಲ್ಕು ಸಾಲಿನ ಪಟ್ಟಿಯಾಗಿ ಬರುತ್ತಾರೆ. ಹುಟ್ಟಿನಿಂದ ಎರಡು ವರ್ಷ ಸಂವೇದನಾ ಗತಿ ಹಂತ, ಎರಡರಿಂದ ಏಳು ಕಾರ್ಯಪೂರ್ವ ಹಂತ, ಏಳರಿಂದ ಹನ್ನೊಂದು ಮೂರ್ತ ಕಾರ್ಯಗಳ ಹಂತ, ಆಮೇಲಿನದು ಔಪಚಾರಿಕ ಕಾರ್ಯಗಳ ಹಂತ. ಬಾಯಿಪಾಠ ಮಾಡಿ ಒಂದು ಅಂಕ ಗಳಿಸಿ ಮರೆಯಬಹುದಾದ ಪಟ್ಟಿ. ಅದರ ಹಿಂದಿದ್ದ ಮನುಷ್ಯನ ಕುತೂಹಲ, ಅವರು ಮಕ್ಕಳ ಮುಂದೆ ಕೂತು ಕೇಳುತ್ತಿದ್ದ ಪ್ರಶ್ನೆಗಳು ಆ ಪಟ್ಟಿಯಲ್ಲಿ ಇಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು ಆ ಪ್ರಶ್ನೆಗಳೇ.

ಪಿಯಾಜೆ ಹುಟ್ಟಿದ್ದು 1896ರಲ್ಲಿ, ನ್ಯೂಷಾಟೆಲ್ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗಲೇ, 1907ರಲ್ಲಿ, ಬಿಳಿ ಬಣ್ಣದ ಒಂದು ಗುಬ್ಬಚ್ಚಿ ಕಂಡದ್ದರ ಬಗ್ಗೆ ಪುಟ್ಟ ಟಿಪ್ಪಣಿ ಬರೆದು ಅಚ್ಚು ಹಾಕಿಸಿದವರು. 1918ರಲ್ಲಿ ಡಾಕ್ಟರೇಟ್ ಪಡೆದದ್ದು ಬಸವನಹುಳುವಿನ ಜಾತಿಯ ಮೃದ್ವಂಗಿಗಳ ಮೇಲೆ. ಮನಶ್ಶಾಸ್ತ್ರದ ಕಡೆ ಹೊರಳಿ ಪ್ಯಾರಿಸ್ಸಿಗೆ ಹೋದಾಗ ಸಿಕ್ಕ ಕೆಲಸ ಬಹಳ ನೀರಸವಾದದ್ದು. ಇಂಗ್ಲೆಂಡಿನಲ್ಲಿ ತಯಾರಾದ ತರ್ಕದ ಪರೀಕ್ಷೆಗಳನ್ನು ಫ್ರೆಂಚ್ ಮಕ್ಕಳಿಗೆ ಹೊಂದಿಸಬೇಕು, ಎಷ್ಟು ಉತ್ತರ ಸರಿ ಎಂದು ಎಣಿಸಬೇಕು. ಬುದ್ಧಿಶಕ್ತಿಯ ಪರೀಕ್ಷೆಯನ್ನು ಮೊದಲು ರೂಪಿಸಿದ ಆಲ್‌ಫ್ರೆಡ್ ಬಿನೆಯ ಪ್ರಯೋಗಶಾಲೆ ಅದು. ಎಣಿಸುತ್ತ ಹೋದಂತೆ ಪಿಯಾಜೆಯ ಕಣ್ಣು ಸರಿ ಉತ್ತರಗಳಿಂದ ತಪ್ಪು ಉತ್ತರಗಳ ಮೇಲೆ ಹೊರಳಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಒಂದೆರಡು ವರ್ಷ ದೊಡ್ಡವರು ಆ ತಪ್ಪನ್ನು ಬಿಟ್ಟು ಬೇರೊಂದು ತಪ್ಪಿಗೆ ದಾಟಿರುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳುವವರು ಹೀಗೆ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಆ ತಪ್ಪುಗಳಿಗೆ ಒಂದು ಕ್ರಮವಿದೆ, ಕ್ರಮವಿದ್ದಲ್ಲಿ ಯೋಚನೆಯಿದೆ ಎಂದು ಅವರಿಗೆ ಹೊಳೆಯಿತು. 1921ರಲ್ಲಿ ಜಿನೀವಾಕ್ಕೆ ಬಂದ ಮೇಲೆ ಅವರು ಇಡೀ ಬದುಕನ್ನು ಅದಕ್ಕೇ ಕೊಟ್ಟರು.

ಅವರಿಗೆ ಮೂವರು ಮಕ್ಕಳು: ಜಾಕ್ಲಿನ್, ಲೂಸಿಯೆನ್, ಲೊರಾಂ. ತೊಟ್ಟಿಲಿನ ಪಕ್ಕದಲ್ಲಿ ಕೂತು ಗಂಡ ಹೆಂಡತಿ ಇಬ್ಬರೂ ಮಕ್ಕಳ ಒಂದೊಂದು ಚಲನೆಯನ್ನೂ ಬರೆದಿಟ್ಟರು. 1936ರಲ್ಲಿ ಬಂದ ಪುಸ್ತಕದಲ್ಲಿ ದಾಖಲಾಗಿರುವ ಒಂದು ಘಟನೆಯನ್ನು ನಾನು ಎಷ್ಟು ಸಲ ಓದಿದರೂ ಬೆರಗು ಕಡಿಮೆಯಾಗಿಲ್ಲ.

ಲೂಸಿಯೆನ್‌ಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಅಪ್ಪ ಒಂದು ಸರವನ್ನು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ ಕೊಡುತ್ತಾನೆ. ಪೊಟ್ಟಣವನ್ನು ತಲೆಕೆಳಗು ಮಾಡಿ ಬೀಳಿಸುವುದು, ತೆರೆದ ಸಂದಿಗೆ ಬೆರಳು ತೂರಿಸಿ ಎಳೆಯುವುದು, ಈ ಎರಡು ಉಪಾಯ ಮಗುವಿಗೆ ಬರುತ್ತವೆ. ಅಪ್ಪ ಈ ಬಾರಿ ಸಂದಿಯನ್ನು ಮೂರು ಮಿಲಿಮೀಟರಿನಷ್ಟು ಕಿರಿದಾಗಿಸಿದ್ದಾನೆ. ಪೊಟ್ಟಣವನ್ನು ತಳ್ಳಿ ತೆರೆಯುವುದು ಹೇಗೆಂದು ಅದು ಎಂದೂ ಕಂಡಿಲ್ಲ. ಬೆರಳು ತೂರಿಸಲು ನೋಡುತ್ತದೆ, ಆಗುವುದಿಲ್ಲ. ಕೈ ನಿಲ್ಲುತ್ತದೆ. ಸಂದಿಯನ್ನೇ ದಿಟ್ಟಿಸುತ್ತದೆ. ಆಮೇಲೆ ತನ್ನ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಮೊದಲು ಸ್ವಲ್ಪ, ನಂತರ ಇನ್ನಷ್ಟು ಅಗಲ, ಮತ್ತೂ ಅಗಲ. ಮರುಕ್ಷಣ ಬೆರಳನ್ನು ಸಂದಿಗಿಟ್ಟು ಪೊಟ್ಟಣವನ್ನು ಎಳೆದು ಅಗಲ ಮಾಡುತ್ತದೆ, ಸರ ಕೈಗೆ ಬರುತ್ತದೆ.

ಇಲ್ಲಿ ಆದದ್ದೇನು? ‘ಇದು ಇನ್ನೂ ಅಗಲವಾಗಬೇಕು’ ಎಂದು ಯೋಚಿಸಲು ಆ ಕೂಸಿನ ಹತ್ತಿರ ಮಾತಿಲ್ಲ. ಹಾಗಾಗಿ ಬಾಯಿಂದಲೇ ಯೋಚಿಸಿತು. ಅಲ್ಲಿಯವರೆಗೆ ಎಳೆದು, ಕುಟ್ಟಿ, ಬಾಯಿಗಿಟ್ಟು ಲೋಕವನ್ನು ಅರಿಯುತ್ತಿದ್ದ ಮಗು, ಮಾಡುವ ಮುಂಚೆಯೇ ಅದನ್ನು ತನ್ನೊಳಗೆ ನಡೆಸಿ ನೋಡುವ ಘಟ್ಟಕ್ಕೆ ಬಂದು ನಿಂತಿತ್ತು. ಮೊದಲ ಹಂತ ಮುಗಿದು ಎರಡನೆಯದು ಶುರುವಾಗುವ ಗಡಿ ಇದು.

ಆ ಗಡಿಗೆ ಬರುವ ಮುಂಚಿನ ತಿಂಗಳುಗಳ ಬಗ್ಗೆ ಪಿಯಾಜೆ ಹೇಳಿದ್ದರಲ್ಲಿ ಒಂದು ಭಾಗವನ್ನು ಮುಂದಿನವರು ತಿದ್ದಿದ್ದಾರೆ. ಆರು ತಿಂಗಳ ಮಗು ಕೈಚಾಚುತ್ತಿರುವ ಗಿಲಕಿಯ ಮೇಲೆ ಬಟ್ಟೆ ಮುಚ್ಚಿದರೆ ಅದು ಹುಡುಕುವುದನ್ನೇ ಬಿಡುತ್ತದೆ. ಕಣ್ಣಿಗೆ ಕಾಣದ್ದು ಅದರ ಪಾಲಿಗೆ ಇಲ್ಲವೇ ಇಲ್ಲ ಎಂದರು ಪಿಯಾಜೆ. 1985ರಲ್ಲಿ ರೆನೆ ಬಯಾರ್ಜಾನ್ ಮತ್ತು ಸಂಗಡಿಗರು ಐದು ತಿಂಗಳ ಮಕ್ಕಳ ಮುಂದೆ ಒಂದು ಪೆಟ್ಟಿಗೆಯಿಟ್ಟು, ಅದರ ಮುಂದಿನ ಹಲಗೆಯನ್ನು ನಿಧಾನವಾಗಿ ಹಿಂದಕ್ಕೆ ಮಗುಚಿದರು. ಹಲಗೆ ಪೆಟ್ಟಿಗೆಗೆ ತಾಗಿ ನಿಲ್ಲಬೇಕು. ಪೆಟ್ಟಿಗೆಯೇ ಇಲ್ಲವೇನೋ ಎಂಬಂತೆ ಅದು ಪೂರ್ತಿ ಮಗುಚಿಕೊಂಡಾಗ ಮಕ್ಕಳು ಹೆಚ್ಚು ಹೊತ್ತು ನೋಡಿದರು. ಮರೆಯಾದ ಪೆಟ್ಟಿಗೆ ಅಲ್ಲೇ ಇರಬೇಕೆಂಬ ನಿರೀಕ್ಷೆ ಕಣ್ಣಿಗಿತ್ತು. ಕೈಚಾಚಿ ಬಟ್ಟೆ ಎತ್ತಿ ಹುಡುಕುವಷ್ಟು ಹಿಡಿತ ಇನ್ನೂ ಬಂದಿರಲಿಲ್ಲ, ಅಷ್ಟೆ. ಈ ಬಗ್ಗೆ ವಾದಗಳು ಮುಗಿದಿಲ್ಲ. ಹಸುಗೂಸಿಗೆ ತಿಳಿದಿರುವುದು ಅದು ಮಾಡಿ ತೋರಿಸುವುದಕ್ಕಿಂತ ಹೆಚ್ಚು ಎಂಬುದನ್ನಂತೂ ಈಗ ಬಹುತೇಕರು ಒಪ್ಪುತ್ತಾರೆ.

ಎರಡರಿಂದ ಏಳರವರೆಗಿನ ವರ್ಷಗಳೇ ನನ್ನ ದೃಷ್ಟಿಯಲ್ಲಿ ಅತ್ಯಂತ ಸಮೃದ್ಧವಾದವು, ನಾವು ಅತಿ ಹೆಚ್ಚು ಅನ್ಯಾಯ ಮಾಡುವುದೂ ಅವಕ್ಕೇ. ಮೂರು ವರ್ಷದ ಮಗು ಅಜ್ಜನ ಜೊತೆ ಫೋನಿನಲ್ಲಿ ಮಾತಾಡುತ್ತದೆ. ‘ಊಟ ಆಯ್ತಾ ಪುಟ್ಟಾ?’ ಎಂದರೆ ಸುಮ್ಮನೆ ತಲೆಯಾಡಿಸುತ್ತದೆ. ‘ನೋಡು ನನ್ನ ಹೊಸ ಶೂ’ ಎಂದು ಫೋನಿಗೆ ಕಾಲೆತ್ತಿ ತೋರಿಸುತ್ತದೆ. ತನಗೆ ಕಂಡದ್ದು ಅಜ್ಜನಿಗೂ ಕಂಡೇ ಕಾಣುತ್ತದೆ ಎಂಬುದು ಅದರ ನಂಬಿಕೆ. ವಿಡಿಯೊ ಕರೆ ಬಂದ ಮೇಲೆ ಈ ನಂಬಿಕೆಗೆ ಸ್ವಲ್ಪ ಬಲವೂ ಬಂದಿದೆ. ಕಣ್ಣಾಮುಚ್ಚಾಲೆಯಲ್ಲಿ ಎರಡೂ ಕೈಯಿಂದ ತನ್ನ ಕಣ್ಣು ಮುಚ್ಚಿಕೊಂಡು ನಡುಮನೆಯಲ್ಲೇ ನಿಂತು ‘ನಾನೆಲ್ಲಿ ಹೇಳಿ?’ ಎನ್ನುವ ಮಗುವೂ ಇದೇ ವಯಸ್ಸಿನದು.

ಈ ಕಣ್ಣು ಮುಚ್ಚುವ ಆಟವನ್ನು ಕೇಂಬ್ರಿಜ್‌ನ ಜೇಮ್ಸ್ ರಸೆಲ್ ಮತ್ತು ಸಂಗಡಿಗರು ಕೂಲಂಕಷವಾಗಿ ನೋಡಿ 2012ರಲ್ಲಿ ಬರೆದರು. ಮೂರು ನಾಲ್ಕು ವರ್ಷದ ಮಕ್ಕಳಿಗೆ ಕಣ್ಣಿಗೆ ಪಟ್ಟಿ ಕಟ್ಟಿ, ‘ಈಗ ನೀನು ನನಗೆ ಕಾಣಿಸುತ್ತೀಯಾ?’ ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಎಂದರು. ಆದರೆ ‘ನಿನ್ನ ಮೈ ಕಾಣಿಸುತ್ತದಾ?’ ಎಂದರೆ ಹೌದು ಎಂದರು. ಮೈ ಕಾಣುತ್ತಿದೆ, ‘ನಾನು’ ಮಾತ್ರ ಕಾಣುತ್ತಿಲ್ಲ. ಆ ಮಕ್ಕಳಿಗೆ ಇಬ್ಬರ ಕಣ್ಣು ಕಣ್ಣು ಕಲೆತರಷ್ಟೇ ಒಬ್ಬರನ್ನೊಬ್ಬರು ಕಂಡಂತೆ. ಪೆದ್ದುತನ ಎಂದು ನಾವು ನಕ್ಕು ಬಿಡುವ ಮಾತಿನ ಒಳಗೆ ‘ನಾನು ಎಂದರೆ ಯಾರು’ ಎಂಬ ಬಗ್ಗೆ ಇಷ್ಟು ಗಂಭೀರವಾದ ತೀರ್ಮಾನವಿದೆ.

ಇದೇ ಹಂತದ ಇನ್ನೊಂದು ಗುಣ ತಾಯಂದಿರಿಗೆಲ್ಲ ಗೊತ್ತು. ಒಂದು ಹೋಳಿಗೆ ಕೊಟ್ಟರೆ ‘ನಂಗೆ ಎರಡು ಬೇಕು’ ಎಂದು ಮಗು ಹಟ ಹಿಡಿಯುತ್ತದೆ. ಅಮ್ಮ ಅದೇ ಹೋಳಿಗೆಯನ್ನು ಮುರಿದು ಎರಡು ತುಂಡು ಮಾಡಿ ತಟ್ಟೆಗಿಡುತ್ತಾಳೆ. ಹಟ ಮುಗಿಯಿತು. ಜಿನೀವಾದಲ್ಲಿ ಪಿಯಾಜೆ ಮತ್ತು ಅಲಿನಾ ಸೆಮಿನ್ಸ್ಕಾ ಇದನ್ನೇ ಗಾಜಿನ ಲೋಟಗಳಿಟ್ಟು ಮಾಡಿ ನೋಡಿದರು. ಅವರ ಪುಸ್ತಕ ಬಂದದ್ದು 1941ರಲ್ಲಿ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮವಾಗಿ ನೀರು. ಎರಡೂ ಒಂದೇ ಎಂದು ಮಗು ಒಪ್ಪುತ್ತದೆ. ಅದರ ಕಣ್ಣೆದುರೇ ಒಂದನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿಯುತ್ತಾರೆ. ‘ಈಗ?’ ಐದು ವರ್ಷದ ಮಗು ಉದ್ದ ಲೋಟ ತೋರಿಸಿ ‘ಇದರಲ್ಲಿ ಜಾಸ್ತಿ’ ಎನ್ನುತ್ತದೆ. ಎತ್ತರ ನೋಡಿದ ಕಣ್ಣಿಗೆ ಅಗಲ ಕಡಿಮೆಯಾದದ್ದನ್ನೂ ಅದೇ ಹೊತ್ತಿಗೆ ಹಿಡಿದಿಡಲು ಆಗುವುದಿಲ್ಲ. ಸುರಿದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ಸುರಿದು ನೋಡಲೂ ಆಗುವುದಿಲ್ಲ. ಏಳೆಂಟು ವರ್ಷದ ಮಗುವನ್ನು ಕೇಳಿ. ‘ಅಷ್ಟೇ ಇದೆ, ನೀವೇನೂ ಸೇರಿಸಲಿಲ್ಲವಲ್ಲ’ ಎನ್ನುತ್ತದೆ. ಇಷ್ಟು ಸುಲಭದ್ದನ್ನು ಯಾಕೆ ಕೇಳುತ್ತಾರೆ ಎಂಬ ಆಶ್ಚರ್ಯ ಅದರ ಮುಖದಲ್ಲಿರುತ್ತದೆ. ತಾನೇ ಒಂದೆರಡು ವರ್ಷದ ಹಿಂದೆ ಹಾಗೆ ಹೇಳಿದ್ದೆ ಎಂದರೆ ನಂಬುವುದಿಲ್ಲ.

ಹೂವಿನ ಪ್ರಶ್ನೆಯೂ ಹೀಗೇ. ಎಂಟು ಮಲ್ಲಿಗೆ, ಎರಡು ಸೇವಂತಿಗೆ ಮುಂದಿಟ್ಟು ‘ಮಲ್ಲಿಗೆ ಹೆಚ್ಚೋ, ಹೂವು ಹೆಚ್ಚೋ?’ ಎಂದರೆ ಐದರ ಮಗು ‘ಮಲ್ಲಿಗೆ’ ಎನ್ನುತ್ತದೆ. ಮಲ್ಲಿಗೆಯೂ ಹೂವೇ ಎಂದು ಅದಕ್ಕೆ ಚೆನ್ನಾಗಿ ಗೊತ್ತು. ಮಲ್ಲಿಗೆಯನ್ನು ಒಂದು ಗುಂಪಾಗಿ ನೋಡುತ್ತಲೇ ಇಡೀ ಹೂವಿನ ರಾಶಿಯ ಭಾಗವಾಗಿಯೂ ಹಿಡಿಯುವುದು ಕಷ್ಟ. ಹಾಗಾಗಿ ಮಲ್ಲಿಗೆಯನ್ನು ಪಕ್ಕದ ಸೇವಂತಿಗೆಗೇ ಹೋಲಿಸಿ ಉತ್ತರ ಕೊಡುತ್ತದೆ.

ಪಿಯಾಜೆಯನ್ನು ಇಷ್ಟಕ್ಕೇ ಒಪ್ಪಿ ಕೂತಿದ್ದರೆ ನಾವೂ ಮಕ್ಕಳಿಗೆ ಮೋಸ ಮಾಡುತ್ತಿದ್ದೆವು. ಎಡಿನ್‌ಬರೋದಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಜೊತೆಯವರು ಕೇಳಿದ ಪ್ರಶ್ನೆ ನಮ್ಮ ಶಾಲೆಗಳಿಗೆ ತೀರಾ ಹತ್ತಿರದ್ದು. ಮಗು ತಪ್ಪು ಹೇಳಿದ್ದು ಅದಕ್ಕೆ ತಿಳಿಯದೆಯೋ, ಅಥವಾ ಕೇಳಿದ ರೀತಿಯೇ ದಾರಿ ತಪ್ಪಿಸಿತೋ? ಪ್ರಯೋಗದಲ್ಲಿ ದೊಡ್ಡವರು ‘ಎರಡೂ ಸಮವಾ?’ ಎಂದು ಒಮ್ಮೆ ಕೇಳುತ್ತಾರೆ. ಆಮೇಲೆ ತಾವೇ ಏನನ್ನೋ ಬದಲಿಸಿ ಅದನ್ನೇ ಮತ್ತೆ ಕೇಳುತ್ತಾರೆ. ನಮ್ಮ ತರಗತಿಯಲ್ಲಿ ಮೇಷ್ಟ್ರು ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮಕ್ಕಳು ಏನೆಂದುಕೊಳ್ಳುತ್ತಾರೆ? ಮೊದಲ ಉತ್ತರ ತಪ್ಪಾಯಿತು ಎಂದೇ. ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ 1974ರಲ್ಲಿ ದೊಡ್ಡವರ ಬದಲು ಒಂದು ತುಂಟ ಗೊಂಬೆ ಕರಡಿ ಬಂದು ಬಿಲ್ಲೆಗಳ ಸಾಲನ್ನು ಕೆಡಿಸುವಂತೆ ಮಾಡಿದರು. ಆಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಮೊದಲಿಗಿಂತ ಬಹಳ ಹೆಚ್ಚು ಮಂದಿ ‘ಸಂಖ್ಯೆ ಅಷ್ಟೇ ಇದೆ’ ಎಂದರು. ಇನ್ನೊಬ್ಬರ ಜಾಗದಿಂದ ನೋಡಲು ಬಾರದು ಎಂದಿದ್ದ ವಯಸ್ಸಿನ ಮಕ್ಕಳಿಗೆ ಮಾರ್ಟಿನ್ ಹ್ಯೂಸ್ ಒಂದು ಆಟ ಕೊಟ್ಟರು. ಅಡ್ಡಗೋಡೆಗಳ ನಡುವೆ ಹುಡುಗನ ಗೊಂಬೆಯನ್ನು ಪೊಲೀಸ್ ಗೊಂಬೆಗಳ ಕಣ್ಣಿಗೆ ಬೀಳದಂತೆ ಅಡಗಿಸಬೇಕು. ಮೂರೂವರೆಯಿಂದ ಐದು ವರ್ಷದವರ ಉತ್ತರಗಳಲ್ಲಿ ಶೇ 90ರಷ್ಟು ಸರಿಯಾಗಿದ್ದವು. ಪಿಯಾಜೆ ಕೇಳಿದ್ದು ಮಾದರಿ ಬೆಟ್ಟಗಳು ಆಚೆ ಬದಿಯಿಂದ ಹೇಗೆ ಕಾಣುತ್ತವೆ ಎಂದು. ಕಳ್ಳ ಪೊಲೀಸ್ ಆಡುವ ಮಗುವಿಗೆ ಅಡಗುವುದು ಗೊತ್ತು, ಬೆಟ್ಟದ ಚಿತ್ರ ಆರಿಸುವುದು ಯಾಕೆಂದೇ ಗೊತ್ತಿಲ್ಲ.

ಬೆಳೆಯುವ ಪರಿಸರವೂ ಲೆಕ್ಕಕ್ಕೆ ಬರುತ್ತದೆ. 1969ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೆಕ್ಸಿಕೊದ ಕುಂಬಾರರ ಮಕ್ಕಳನ್ನು ಅದೇ ವಯಸ್ಸಿನ ಬೇರೆ ಮಕ್ಕಳೊಂದಿಗೆ ಹೋಲಿಸಿತ್ತು. ಮಣ್ಣಿನ ಉಂಡೆಯನ್ನು ಉದ್ದ ಹೊಸೆದರೂ ಮಣ್ಣು ಅಷ್ಟೇ ಎಂಬುದು ಕುಂಬಾರರ ಮಕ್ಕಳಿಗೆ ಹೆಚ್ಚು ಚೆನ್ನಾಗಿ ತಿಳಿದಿತ್ತು. ಕೈಯಲ್ಲಿ ದಿನವೂ ಮಣ್ಣು ಕಲೆಸಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿ, 1934ರಲ್ಲಿ ಮೂವತ್ತೇಳಕ್ಕೇ ಕ್ಷಯದಿಂದ ತೀರಿಕೊಂಡ ರಷ್ಯದ ಲೆವ್ ವೈಗೋಟ್‌ಸ್ಕಿ ಒತ್ತಿ ಹೇಳಿದ್ದೂ ಇದನ್ನೇ: ಮಗು ಒಂಟಿಯಾಗಿ ಬೆಳೆಯುವುದಿಲ್ಲ, ಬಲ್ಲವರ ಜೊತೆಗೂಡಿ ಇಂದು ಮಾಡಿದ್ದನ್ನು ನಾಳೆ ತಾನೇ ಮಾಡುತ್ತದೆ.

ಹಾಗಾದರೆ ಹಂತಗಳು ಸುಳ್ಳೇ? ಅಲ್ಲ. ಮುಂಗಾರು ಜೂನ್ ಮೊದಲ ವಾರ ಬರುತ್ತದೆ ಎನ್ನುತ್ತೇವೆ. ಕಾರವಾರಕ್ಕೆ ಬಂದ ದಿನವೇ ರಾಯಚೂರಿಗೂ ಬರಬೇಕೆಂದು ಯಾರೂ ಹಟ ಮಾಡುವುದಿಲ್ಲ. ಬದಲಾವಣೆಯ ದಿಕ್ಕನ್ನು ಪಿಯಾಜೆ ಸರಿಯಾಗಿಯೇ ಗುರುತಿಸಿದರು, ವಯಸ್ಸಿನ ಗೆರೆಗಳನ್ನು ಮಾತ್ರ ಸಡಿಲವಾಗಿ ಓದಬೇಕು. ಒಂದೇ ಮಗು ಚೆನ್ನೆಮಣೆಯಲ್ಲಿ ಯಾವ ಗುಳಿಯಿಂದ ಕಾಯಿ ತೆಗೆದರೆ ಎಲ್ಲಿಗೆ ಮುಟ್ಟುತ್ತದೆ ಎಂದು ಎರಡು ಸುತ್ತು ಮುಂಚೆಯೇ ಲೆಕ್ಕ ಹಾಕಬಹುದು, ಪುಸ್ತಕದ ಲೆಕ್ಕದಲ್ಲಿ ತಡವರಿಸಬಹುದು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮೊದಲಾದವರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ತರಕಾರಿಯ ತೂಕ, ಬೆಲೆ, ಚಿಲ್ಲರೆ ಎಲ್ಲವನ್ನೂ ಸರಾಗವಾಗಿ ಕೂಡಿ ಕಳೆಯುವ ಮಕ್ಕಳು ಶಾಲೆಯ ರೀತಿಯ ಲೆಕ್ಕದೆದುರು ಸೋತರು. ಶಾಲೆಯ ಮಕ್ಕಳು ಮಾರುಕಟ್ಟೆಯ ಲೆಕ್ಕದೆದುರು ಸೋತರು.

ಕೊನೆಯ ಹಂತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹನ್ನೊಂದು ಹನ್ನೆರಡರ ಮೇಲೆ ‘ಹೀಗಿದ್ದರೆ ಹೇಗೆ’ ಎಂದು ಇಲ್ಲದ್ದನ್ನು ಊಹಿಸಿ ತರ್ಕಿಸುವ ಶಕ್ತಿ ಬರುತ್ತದೆ. ದಾರದ ತುದಿಗೆ ಕಲ್ಲು ಕಟ್ಟಿ ತೂಗಿಬಿಟ್ಟು, ಅದರ ವೇಗ ದಾರದ ಉದ್ದದಿಂದಲೋ ಕಲ್ಲಿನ ತೂಕದಿಂದಲೋ ಎಂದು ಕಂಡುಹಿಡಿಯಲು ಹೇಳಿದರೆ, ಚಿಕ್ಕವರು ಎರಡನ್ನೂ ಒಟ್ಟಿಗೇ ಬದಲಿಸಿಬಿಡುತ್ತಾರೆ. ಹದಿನಾಲ್ಕರ ಹುಡುಗಿ ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಿ ನೋಡುತ್ತಾಳೆ. ಈ ಹಂತಕ್ಕೆ ಎಲ್ಲರೂ ಎಲ್ಲ ವಿಷಯದಲ್ಲೂ ಒಂದೇ ವಯಸ್ಸಿಗೆ ಬರುವುದಿಲ್ಲ, ಅವರವರ ಒಲವು, ಕಸುಬಿನ ಕ್ಷೇತ್ರದಲ್ಲಿ ಅದು ಮೊದಲು ಕಾಣಬಹುದು ಎಂದು 1972ರಲ್ಲಿ ಪಿಯಾಜೆಯೇ ಬರೆದರು. ಅಪ್ಪ ಅಮ್ಮನ ಪ್ರತಿ ಮಾತಿಗೂ ‘ಯಾಕೆ ಹಾಗೇ ಆಗಬೇಕು?’ ಎನ್ನುವ ಎಂಟನೇ ತರಗತಿಯ ಮಗಳು ಎದುರು ವಾದಿಸುತ್ತಿದ್ದಾಳೆ ಎಂದು ಸಿಟ್ಟಾಗುವ ಮುಂಚೆ, ಅವಳಿಗೆ ಈಗಷ್ಟೇ ಈ ಶಕ್ತಿ ಸಿಕ್ಕಿದೆ ಎಂಬುದನ್ನು ನೆನೆಯುವುದು ಒಳ್ಳೆಯದು.

ಈ ಹಂತಗಳನ್ನು ಬೇಗ ಬೇಗ ದಾಟಿಸಬಹುದೇ ಎಂದು ಅಮೆರಿಕದಲ್ಲಿ ಪಿಯಾಜೆಯನ್ನು ಪದೇ ಪದೇ ಕೇಳುತ್ತಿದ್ದರಂತೆ. ಅವರು ಅದಕ್ಕೆ ‘ಅಮೆರಿಕದ ಪ್ರಶ್ನೆ’ ಎಂದೇ ಹೆಸರಿಟ್ಟಿದ್ದರು. ಈಗ ಅದು ನಮ್ಮದೂ ಹೌದು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮದ ಸುತ್ತ ನಮ್ಮ ರಾಜ್ಯದಲ್ಲಿ ಎಷ್ಟು ತಳಮಳವಾಯಿತು! 2025ರಲ್ಲಿ ಸರ್ಕಾರ ಅದನ್ನು ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಬೇಕಾಯಿತು. ಮಗುವಿನ ಒಂದು ವರ್ಷ ಹಾಳಾಗುತ್ತದೆ ಎಂದು ಹೆತ್ತವರು ಅಳಲು ತೋಡಿಕೊಂಡರು. ಅವರ ಆತಂಕ ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಐದರ ವಯಸ್ಸಿನಲ್ಲಿ ಒಂದು ವರ್ಷ ಆಡಿ, ಸುರಿದು, ಅಳೆದು, ಜೋಡಿಸಿ, ಕೆಡವಿ ಕಳೆದ ಮಗು ಏನನ್ನೂ ಕಳೆದುಕೊಂಡಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಎಂದು ಗುರುತಿಸಿದೆ. ಆ ನೀತಿಯ ಉಳಿದ ಅಂಶಗಳ ಬಗ್ಗೆ ಏನೇ ತಕರಾರಿದ್ದರೂ ಈ ಗುರುತಿಸುವಿಕೆ ಮಕ್ಕಳ ಪರವಾಗಿದೆ.

ಮನೆಗೆ ಬಂದವರ ಮುಂದೆ ‘ನೂರರವರೆಗೆ ಹೇಳು ಪುಟ್ಟಾ’ ಎಂದು ನಿಲ್ಲಿಸುತ್ತೇವೆ. ಪುಟ್ಟ ಎಲ್ಲೂ ನಿಲ್ಲದೆ ಹೇಳುತ್ತಾನೆ. ಕಡಲೆಕಾಯಿಯ ಬುಟ್ಟಿ ಮುಂದಿಟ್ಟು ‘ನಾಲ್ಕು ಕೊಡು’ ಎಂದು ನೋಡಿ. ಮೂರು ವರ್ಷದ ಎಷ್ಟೋ ಮಕ್ಕಳು ಒಂದು ಹಿಡಿ ತೆಗೆದು ಕೊಡುತ್ತಾರೆ. ಒಂದು ಎಂದರೆ ಒಂದೇ ಎಂದು ತಿಳಿಯಲು, ಆಮೇಲೆ ಎರಡು, ಆಮೇಲೆ ಮೂರು ತಿಳಿಯಲು ನಡುವೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೂರರವರೆಗಿನ ಪಾಠ ನಾಲಿಗೆಗೆ ಬಂದಿದೆ, ನಾಲ್ಕು ಇನ್ನೂ ಕೈಗೆ ಬಂದಿಲ್ಲ. ಬುಟ್ಟಿಯ ಕಡಲೆಕಾಯಿ ಈ ಮಗುವಿಗೆ ಬೇಕು, ಎಣಿಕೆಯ ಇನ್ನೊಂದು ಪುಟ ಬೇಡ.

ಎರಡು ಮೂರನೇ ತರಗತಿಯ ಯಾವುದೇ ನೋಟ್‌ಬುಕ್ ತೆಗೆದರೂ ಇಂಥ ಒಂದು ಲೆಕ್ಕ ಸಿಗುತ್ತದೆ: 52ರಿಂದ 38 ಕಳೆದು 26 ಎಂದು ಬರೆದಿರುತ್ತದೆ. ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ. ಆದರೆ ಎರಡರಿಂದ ಎಂಟು ಹೋಗುವುದಿಲ್ಲ, ಹಾಗಾಗಿ ಎಂಟರಿಂದ ಎರಡು ಕಳೆದು ಆರು. ಐದರಿಂದ ಮೂರು ಕಳೆದು ಎರಡು. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಒಂದನೇ ತರಗತಿಯಲ್ಲಿ ನಾವೇ ಹೇಳಿದ್ದನ್ನು ಮಗು ಚಾಚೂ ತಪ್ಪದೆ ಪಾಲಿಸಿದೆ. ಇದನ್ನು ಗುರುತಿಸಿದ ಶಿಕ್ಷಕಿ 71ರಿಂದ 45 ಕಳೆಯಲು ಕೊಟ್ಟರೆ 34 ಎಂಬ ಉತ್ತರ ಬರುತ್ತದೆಂದು ಮೊದಲೇ ಹೇಳಬಲ್ಲಳು. ಅವಳು ‘ಹೇಗೆ ಮಾಡಿದೆ ಹೇಳು’ ಎಂದು ಕೇಳಿ, ಮಗು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಹತ್ತು ಹತ್ತು ಕಡ್ಡಿಗಳ ಏಳು ಕಟ್ಟು ಮತ್ತು ಒಂದು ಬಿಡಿ ಕಡ್ಡಿಯನ್ನು ಕೈಗೆ ಕೊಡುತ್ತಾಳೆ. ಐದು ಬಿಡಿ ಕಡ್ಡಿ ಕೊಡು ಎಂದಾಗ ಒಂದು ಕಟ್ಟನ್ನು ಬಿಚ್ಚದೆ ಬೇರೆ ದಾರಿಯಿಲ್ಲ ಎಂದು ಮಗುವೇ ಕಂಡುಕೊಳ್ಳುತ್ತದೆ.